ಓಆರ್‌ಎಸ್ ಕೇಳೋರು ಯಾರು?

ಹೋದ ಮಳೆಗಾಲದಲ್ಲಿ ನನ್ನ ಎರಡು ವರ್ಷದ ಮಗಳಿಗೆ ವಾಂತಿ-ಭೇದಿ ಶುರುವಾಯ್ತು. ರಾತ್ರಿಯೆಲ್ಲಾ ನಿದ್ದೆಗೆಟ್ಟು ಬೆಳಿಗ್ಗೆ ಮಕ್ಕಳ ಡಾಕ್ಟರ ಹತ್ತಿರ ಓಡಿದ್ವಿ. ಅವರು ನಾಲಿಗೆ ನೋಡಿದರು, ಹೊಟ್ಟೆಯ ಮೇಲಿನ ಚರ್ಮ ಚಿವುಟಿ ನೋಡಿದರು, ಓಆರ್‌ಎಸ್ ಮತ್ತು ಜಿಂಕ್ ಬರೆದುಕೊಟ್ಟರು. ನಾನು ಕುರ್ಚಿ ಬಿಟ್ಟು ಏಳಲಿಲ್ಲ. "ಅಷ್ಟೇನಾ ಮೇಡಂ? ಆಂಟಿಬಯೋಟಿಕ್ ಏನೂ ಬೇಡ್ವಾ?" ಅಂದೆ. ಅವರು ನಕ್ಕು, "ನೀವು ಹೀಗೆ ಕೇಳ್ತೀರಿ ಅಂತಾನೇ ಎಷ್ಟೋ ಜನ ಡಾಕ್ಟರು ಬರೆದುಬಿಡೋದು" ಅಂದರು.

ಆ ಮಾತು ತಲೆಯಲ್ಲೇ ಉಳೀತು. ಹುಡುಕಿದಾಗ 2024ರ ಫೆಬ್ರವರಿಯಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಸಿಕ್ಕಿತು. ನಡೆದದ್ದು ಎಲ್ಲೋ ಅಲ್ಲ, ನಮ್ಮ ಕರ್ನಾಟಕದಲ್ಲಿ ಮತ್ತು ಬಿಹಾರದಲ್ಲಿ. 253 ಪಟ್ಟಣಗಳು, ಖಾಸಗಿಯಾಗಿ ಚಿಕಿತ್ಸೆ ಕೊಡುವ 2,000ಕ್ಕೂ ಹೆಚ್ಚು ಜನ. ಪ್ರಶ್ನೆ ಸರಳ: ಮಗುವಿನ ಭೇದಿಗೆ ಓಆರ್‌ಎಸ್ಸೇ ಸರಿ ಅಂತ ಇವರಿಗೆಲ್ಲ ಗೊತ್ತು. ಆದರೂ ಯಾಕೆ ಬರೆಯಲ್ಲ?

ಅನುಮಾನ ಮೂರು. ಸ್ಟಾಕ್ ಇಲ್ಲದಿರಬಹುದು. ಓಆರ್‌ಎಸ್‌ನಲ್ಲಿ ಲಾಭ ಕಡಿಮೆ ಇರಬಹುದು. ಅಥವಾ, ಬಂದವರಿಗೆ ಅದು ಬೇಕಾಗಿಲ್ಲ ಅಂತ ಡಾಕ್ಟರು ಅಂದುಕೊಂಡಿರಬಹುದು. ಬಗ್ ಎಲ್ಲಿದೆ ಅಂತ ಹುಡುಕೋಕೆ ನಾವು ಒಂದೊಂದೇ ಸಾಲು ಕಾಮೆಂಟ್ ಮಾಡಿ ನೋಡ್ತೀವಲ್ಲ, ಇವರೂ ಹಾಗೇ ಮಾಡಿದರು. ಅರ್ಧದಷ್ಟು ಪಟ್ಟಣಗಳಲ್ಲಿ ಆರು ವಾರಕ್ಕಾಗುವಷ್ಟು ಓಆರ್‌ಎಸ್ ಕೊಟ್ಟುಬಂದರು. ತರಬೇತಿ ಪಡೆದವರನ್ನು ತಂದೆಯ ವೇಷದಲ್ಲಿ ಕಳಿಸಿ 'ಮನೆಯಲ್ಲಿ ಮಗುವಿಗೆ ಭೇದಿ' ಅಂತ ಹೇಳಿಸಿದರು. ಕೆಲವರು 'ಔಷಧಿ ಬೇರೆ ಕಡೆ ತಗೋತೀವಿ' ಅಂದರು. ಕೆಲವರು ಓಆರ್‌ಎಸ್ ಪೊಟ್ಟಣದ ಫೋಟೋ ತೋರಿಸಿ ಇದೇ ಬೇಕಾ ಅಂತ ಕೇಳಿದರು.

ಫಲಿತಾಂಶ ನೋಡಿ. ಓಆರ್‌ಎಸ್ ಬರೆಯದಿರುವುದಕ್ಕೆ ಸ್ಟಾಕ್ ಇಲ್ಲದ್ದು ಶೇ. 6ರಷ್ಟು ಕಾರಣ, ಲಾಭದ ಆಸೆ ಶೇ. 5. 'ಇವರಿಗೆ ಬೇಡ' ಅನ್ನೋ ಅಂದಾಜು ಶೇ. 42! ಬಾಯಿಬಿಟ್ಟು ಕೇಳಿದಾಗ ಬರೆದುಕೊಡುವ ಪ್ರಮಾಣ ಶೇ. 28ರಿಂದ 55ಕ್ಕೆ ಏರಿತು.

ಅಚ್ಚುಕಟ್ಟಾದ ಕೆಲಸ, ಮೆಚ್ಚಲೇಬೇಕು. 'ಡಾಕ್ಟರೆಲ್ಲ ದುಡ್ಡಿಗೆ ಬಿದ್ದವರು' ಅಂತ ಸುಲಭವಾಗಿ ಬೈಯುವ ನಮ್ಮಂಥವರ ಬಾಯಿ ಮುಚ್ಚಿಸುತ್ತೆ. ಆದರೆ ಹಳ್ಳಿಯಲ್ಲಿ ಬೆಳೆದ ನನಗೆ ಇದರಲ್ಲಿ ಎರಡು ತಕರಾರಿವೆ.

ಮೊದಲನೆಯದು, ಕೇಳಿದವರು ಯಾರು ಅನ್ನೋದು. ಏನು ಹೇಳಬೇಕು ಅಂತ ಕಲಿತು, ಫೋನಲ್ಲಿ ಫೋಟೋ ಇಟ್ಟುಕೊಂಡು ಹೋದವರು. ನಮ್ಮವ್ವ ನನ್ನ ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಹೋಬಳಿಯ ಡಾಕ್ಟರ ಹತ್ತಿರ ಹೋದಾಗ ಅವರೆದುರು ಕೂತವಳೂ ಅಲ್ಲ, ಕೇಳುವ ಮಾತು ದೂರವೇ ಉಳೀತು. ಅವರು ಸೂಜಿ ಹಾಕಿದರೆ 'ಕೈಗುಣ ಚೆನ್ನಾಗಿದೆ' ಅಂತಿದ್ದಳು. ಮನೆಗೆ ಬಂದರೆ ಅಕ್ಕಪಕ್ಕದವರು ಮೊದಲು ಕೇಳುತ್ತಿದ್ದದ್ದೇ 'ಗ್ಲೂಕೋಸ್ ಹಾಕ್ಸಿದ್ರಾ?' ಅಂತ. ಇಲ್ಲ ಅಂದರೆ ಅವ್ವನೇ ಏನೋ ಕಡಿಮೆ ಮಾಡಿದಂಗೆ. ಡಾಕ್ಟರ ಅಂದಾಜು ಗಾಳಿಯಿಂದ ಬಂದದ್ದಲ್ಲ. ನಾವೇ ಕಟ್ಟಿಕೊಟ್ಟದ್ದು. ಬಿ.ಇ. ಓದಿದ ನಾನೂ ಹೋದ ಮಳೆಗಾಲದಲ್ಲಿ ಅದಕ್ಕೊಂದು ಇಟ್ಟಿಗೆ ಸೇರಿಸಿ ಬಂದೆ.

ಎರಡನೆಯದು, ಈ ಪ್ರಯೋಗ ಅಳೆದದ್ದು ಚೀಟಿಯನ್ನು, ಲೋಟವನ್ನಲ್ಲ. ವಾಂತಿ ಮಾಡುವ ಮಗುವಿಗೆ ಚಮಚ ಚಮಚವಾಗಿ, ರಾತ್ರಿಯೆಲ್ಲ ಕೂತು ಕುಡಿಸಬೇಕು. ನಮ್ಮ ಹಿಂದಿನ ಬೀದಿಯಲ್ಲಿ ಒಂದು ಕೂಸು ಭೇದಿಯಲ್ಲೇ ಹೋಯ್ತು. 'ನೀರು ಕೊಟ್ರೆ ಇನ್ನೂ ಜಾಸ್ತಿ ಆಗುತ್ತೆ' ಅಂತ ಎರಡು ದಿನ ನೀರನ್ನೇ ದೂರ ಇಟ್ಟಿದ್ದರು. ಪ್ರೀತಿ ಇಲ್ಲದೆ ಅಲ್ಲ, ಹಾಗೇ ಕೇಳಿಕೊಂಡು ಬಂದಿದ್ದರು. ಭೇದಿಯಾಗುವಾಗಲೂ ಸಣ್ಣ ಕರುಳು ಸಕ್ಕರೆ ಮತ್ತು ಉಪ್ಪನ್ನು ಒಟ್ಟಿಗೆ ಎಳೆದುಕೊಳ್ಳುತ್ತೆ, ಅವುಗಳ ಹಿಂದೆ ನೀರೂ ಒಳಗೆ ಹೋಗುತ್ತೆ ಅನ್ನೋದನ್ನು ಆ ತಾಯಿಗೆ ಯಾರೂ ಹೇಳಿರಲಿಲ್ಲ.

ಇದನ್ನು ಮನೆಯವರ ಕೈಗೆ ಕೊಟ್ಟರೆ ಏನಾಗುತ್ತೆ ಅಂತ 1971ರಲ್ಲೇ ಗೊತ್ತಾಗಿತ್ತು. ಬಾಂಗ್ಲಾ ಯುದ್ಧದ ಹೊತ್ತಿನಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರಕ್ಕೆ ಕಾಲರಾ ಬಂತು, ರಕ್ತನಾಳಕ್ಕೆ ಕೊಡುವ ಸಲೈನ್ ಮುಗೀತಾ ಬಂತು. ಮಕ್ಕಳ ವೈದ್ಯ ದಿಲೀಪ್ ಮಹಾಲನಬಿಸ್ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರ ಕೈಯಲ್ಲೇ ಕುಡಿಸಿದರು. ಶೇ. 30ರ ಹತ್ತಿರ ಇದ್ದ ಸಾವು ಶೇ. 4ಕ್ಕಿಂತ ಕೆಳಗಿಳೀತು.

ಬಾಂಗ್ಲಾದೇಶದ ಬ್ರಾಕ್ ಸಂಸ್ಥೆ ಇನ್ನೂ ಮುಂದೆ ಹೋಯ್ತು. 1980ರಿಂದ 1990ರವರೆಗೆ ಅದರ ಕಾರ್ಯಕರ್ತೆಯರು ಮನೆಮನೆಗೆ ಹೋಗಿ, ಅರ್ಧ ಸೇರು ನೀರಿಗೆ ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ ಅಂತ ತಾಯಂದಿರ ಕೈಯಲ್ಲೇ ಕಲಸಿ ಕಲಿಸಿದರು. ಒಂದು ಕೋಟಿಗೂ ಹೆಚ್ಚು ಮನೆಗಳಿಗೆ. ಆಮೇಲೆ ಬೇರೆಯವರು ಹೋಗಿ, ತಾಯಿಗೆ ಎಷ್ಟು ನೆನಪಿದೆ ಅಂತ ನೋಡುತ್ತಿದ್ದರು. ಕಲಿಸಿದವಳ ಸಂಬಳ ಅದರ ಮೇಲೆ ನಿಂತಿತ್ತು. ಚೀಟಿಯಲ್ಲ, ಅಡುಗೆಮನೆ ಲೆಕ್ಕಕ್ಕೆ ಬಂತು.

ನಮ್ಮಲ್ಲಿ ಬರೀ 'ಕೇಳಿ ತಗೊಳ್ಳಿ' ಅಂದರೆ ಸಾಲದು. ಕೇಳುವವನಿಗೂ ಅಂಗಡಿಯಲ್ಲಿ ಮೋಸ ಕಾದಿರುತ್ತೆ. ಓಆರ್‌ಎಸ್ ಅನ್ನೋ ಹೆಸರು ಹೊತ್ತ ಸಿಹಿ ಪಾನೀಯಗಳು ವರ್ಷಗಟ್ಟಲೆ ಮೆಡಿಕಲ್ ಶಾಪಲ್ಲೇ ಕೂತಿದ್ದವು. ಆ ಹೆಸರನ್ನು ಹಾಗೆ ಬಳಸಬಾರದು ಅಂತ ಎಫ್‌ಎಸ್‌ಎಸ್‌ಎಐ ಹೇಳಿದ್ದು 2025ರ ಅಕ್ಟೋಬರ್‌ನಲ್ಲಿ. ನಿಜವಾದ ಪೊಟ್ಟಣ 20.5 ಗ್ರಾಂ, ಒಂದು ಲೀಟರ್ ನೀರಿಗೆ. ಸಕ್ಕರೆ ವಿಪರೀತ ಆದರೆ ಕರುಳಿಗೆ ನೀರು ಎಳೆದು ಭೇದಿ ಹೆಚ್ಚಾಗುತ್ತೆ.

ಹಾಗಂತ ಆ ಪೇಪರು ಸುಳ್ಳು ಅಂತಲ್ಲ. ಅದು ನಿಲ್ಲಿಸಿದ ಜಾಗದಿಂದ ಕೆಲಸ ಶುರುವಾಗಬೇಕು ಅಷ್ಟೆ. ಮಗಳು ಮೂರನೇ ದಿನಕ್ಕೆ ಚೇತರಿಸಿಕೊಂಡಳು. ಊರಿಂದ ಅವ್ವ ಫೋನ್ ಮಾಡಿ, "ಸೂಜಿ ಹಾಕ್ಸಿದ್ಯೇನಪ್ಪಾ?" ಅಂದಳು. ಇಲ್ಲವ್ವ, ಉಪ್ಪು-ಸಕ್ಕರೆ ನೀರಿನ ಪುಡಿ ಕೊಟ್ರು ಅಂದೆ.

"ಅಷ್ಟಕ್ಕೆ ಡಾಕ್ಟ್ರ ಹತ್ರ ಯಾಕೆ ಹೋದೆ?"

ಕೇಳಬೇಕಾದ ಪ್ರಶ್ನೆಯೇ. ದಸರಾಕ್ಕೆ ಊರಿಗೆ ಹೋದಾಗ ಹತ್ತು ಪೊಟ್ಟಣ ತಗೊಂಡು ಹೋಗಿ, ಅವ್ವನ ಕೈಯಲ್ಲೇ ಒಂದು ಕಲಸಿಸಿ, ಮಿಕ್ಕಿದ್ದನ್ನು ಅಕ್ಕಪಕ್ಕದ ಮನೆಗೆ ಅವಳಿಂದಲೇ ಕೊಡಿಸಿದೆ.