ಛಂದಸ್ಸು ಕಟ್ಟಿ ಬೈದವರು

ಬೈಗುಳಕ್ಕೂ ಒಂದು ಸೊಗಸಿದೆಯೇ? ಐನೂರು ವರ್ಷಗಳ ಹಿಂದಿನ ಸ್ಕಾಟ್ಲೆಂಡಿನ ಕವಿಗಳನ್ನು ಕೇಳಿದ್ದರೆ, ಇದೆ ಎಂದು ಎದೆ ತಟ್ಟಿ ಹೇಳುತ್ತಿದ್ದರು. ಅವರು ಅದನ್ನೊಂದು ಕಾವ್ಯಪ್ರಕಾರವಾಗಿಯೇ ಬೆಳೆಸಿದ್ದರು. ಹೆಸರು ‘ಫ್ಲೈಟಿಂಗ್’.

ಜಗಳವಾಡು ಎಂಬ ಅರ್ಥದ ಹಳೆಯ ಇಂಗ್ಲಿಷ್ ಧಾತುವಿನಿಂದ ಹುಟ್ಟಿದ ಸ್ಕಾಟ್ಸ್ ಮಾತಿದು. ಬೀದಿಯಲ್ಲಿ ಫ್ಲೈಟಿಂಗ್ ಅಪರಾಧ. ಪಟ್ಟಣದ ನ್ಯಾಯಸ್ಥಾನಗಳೂ ಮುಂದೆ ಚರ್ಚಿನ ಹಿರಿಯರೂ ಬಾಯಿಬಡುಕರೆನಿಸಿದವರಿಗೆ, ಅದರಲ್ಲೂ ಹೆಂಗಸರಿಗೆ, ದಂಡ ಹಾಕುತ್ತಿದ್ದರು. ಬಾಯಿಗೆ ಕಬ್ಬಿಣದ ಕಡಿವಾಣ ತೊಡಿಸಿದ್ದೂ ಉಂಟು. ಅದೇ ಬೈಗುಳ ಪ್ರಾಸ ತೊಟ್ಟು ಅರಮನೆಗೆ ಬಂದರೆ ಮಾತ್ರ ಅರಸನೇ ಕಿವಿಗೊಟ್ಟು ಕೂರುತ್ತಿದ್ದ.

1500ರ ಆಸುಪಾಸು, ನಾಲ್ಕನೆಯ ಜೇಮ್ಸ್ ದೊರೆಯ ಕಾಲದಲ್ಲಿ, ಇಬ್ಬರು ಕವಿಗಳು ಹೀಗೆ ಎದುರುಬದುರಾದರು. ವಿಲಿಯಂ ಡನ್‌ಬಾರ್ ಆಸ್ಥಾನವನ್ನು ಆಶ್ರಯಿಸಿದ್ದವನು, ಸ್ಕಾಟ್ಸ್ ನುಡಿಯವನು. ವಾಲ್ಟರ್ ಕೆನಡಿ ಗೇಲಿಕ್ ಮಾತಾಡುವ ಪಡುವಣ ಸೀಮೆಯವನು, ರಾಜವಂಶದ ನಂಟಿದ್ದವನು. ಮೊದಲು ಇಬ್ಬರದೂ ಚಿಕ್ಕದೊಂದು ಸವಾಲು. ಆಮೇಲೆ ಎಂಟು ಸಾಲಿನ ಪದ್ಯಗಳ ಸುರಿಮಳೆ. ಕೆನಡಿಯ ಬಡಕಲು ಮೈ, ಹರಕು ಬಟ್ಟೆ, ಗೇಲಿಕ್ ನಾಲಿಗೆ ಯಾವುದನ್ನೂ ಡನ್‌ಬಾರ್ ಬಿಡುವುದಿಲ್ಲ. ಕೆನಡಿ ಕಡಿಮೆಯವನೇ? ಗೇಲಿಕ್ಕೇ ನಿಜವಾದ ಸ್ಕಾಟರ ನುಡಿ ಎಂದು ತಿರುಗೇಟು ಕೊಟ್ಟು, ಎದುರಾಳಿಯನ್ನು ಕುಳ್ಳನೆಂದೂ ದ್ರೋಹಿಗಳ ವಂಶದವನೆಂದೂ ಜರೆಯುತ್ತಾನೆ. ಹಡಗಿನಲ್ಲಿ ಹೋಗುವಾಗ ಅವನ ಹೊಟ್ಟೆ ಕೆಟ್ಟ ಕಥೆಯನ್ನೂ ಜಗಜ್ಜಾಹೀರು ಮಾಡುತ್ತಾನೆ.

ಇದರಲ್ಲೇನು ರಸ ಎನ್ನುವವರು ಅರ್ಥವನ್ನು ಬದಿಗಿಟ್ಟು ಒಮ್ಮೆ ನಾದ ಕೇಳಬೇಕು. ಒಂದೇ ವ್ಯಂಜನ ಸಾಲಿನುದ್ದಕ್ಕೂ ಮತ್ತೆ ಮತ್ತೆ ಬಡಿಯುತ್ತದೆ. ಡನ್‌ಬಾರನ ಸರದಿ ಮುಗಿಯುತ್ತ ಬಂದಂತೆ ಸಾಲಿನ ಕೊನೆಯ ಪ್ರಾಸ ಸಾಲದಾಗಿ ಒಳಪ್ರಾಸಗಳೂ ಸೇರಿಕೊಳ್ಳುತ್ತವೆ. ಉಸಿರಾಡಲು ಬಿಡುವಿಲ್ಲದಂತೆ ಬೈಗುಳದ ಹಿಂದೆ ಬೈಗುಳ ಉರುಳಿ ಬರುತ್ತದೆ, ಚಂಡೆ ಏರುಗತಿ ಹಿಡಿದಂತೆ. ಕೋಪದಲ್ಲಿದ್ದವನಿಗೆ ಇಷ್ಟು ಲೆಕ್ಕಾಚಾರ ಸಾಧ್ಯವಿಲ್ಲ. ಕೇಳುವವರಿಗೂ ಅದು ಗೊತ್ತು. ಅವರ ನಗುವಿಗೆ ಕಾರಣವೇ ಅದು.

1508ರ ಸುಮಾರಿಗೆ ಎಡಿನ್‌ಬರೋದಲ್ಲಿ ಸ್ಕಾಟ್ಲೆಂಡಿನ ಮೊದಲ ಅಚ್ಚುಕೂಟ ಶುರುವಾದಾಗ ಅಚ್ಚಾದ ಕೆಲವೇ ಕೃತಿಗಳಲ್ಲಿ ಈ ಜಗಳವೂ ಒಂದು. ಅರಸರಿಗೂ ಇದರ ರುಚಿ ಹತ್ತಿತು. ಐದನೆಯ ಜೇಮ್ಸ್ ತಾನೇ ಡೇವಿಡ್ ಲಿಂಡ್ಸೆ ಕವಿಯನ್ನು ಪದ್ಯದಲ್ಲಿ ಕೆಣಕಿದ. ದೊರೆಯ ಪದ್ಯ ಕಳೆದುಹೋಗಿದೆ. ಅವನ ಹೆಣ್ಣಿನ ಚಪಲವನ್ನು ಎತ್ತಿ ಆಡಿದ ಲಿಂಡ್ಸೆಯ ಉತ್ತರ ಉಳಿದಿದೆ. ಆರನೆಯ ಜೇಮ್ಸ್ 1584ರಲ್ಲಿ ಬರೆದ ಕಾವ್ಯಲಕ್ಷಣದ ಪುಸ್ತಕದಲ್ಲಿ, ಫ್ಲೈಟಿಂಗಿಗೆ ಒಪ್ಪುವ ಛಂದಸ್ಸು ಯಾವುದೆಂಬುದನ್ನೂ ಹೇಳಿದ್ದಾನೆ.

ಈ ಕಲೆಯ ತಿರುಳು ಸಿಗುವುದು ಡನ್‌ಬಾರನದೇ ಇನ್ನೊಂದು ಕವಿತೆಯಲ್ಲಿ. ಸಾವು ಕೊಂಡೊಯ್ದ ಕವಿಗಳನ್ನೆಲ್ಲ ಒಬ್ಬೊಬ್ಬರಾಗಿ ಹೆಸರಿಸಿ ಮರುಗುವ ಶೋಕಗೀತೆಯದು. ಅದರಲ್ಲಿ ಕೊನೆಯದಾಗಿ ಬರುವ ಹೆಸರು ವಾಲ್ಟರ್ ಕೆನಡಿಯದು. ಮರಣಶಯ್ಯೆಯಲ್ಲಿರುವ ಅವನನ್ನು ಒಳ್ಳೆಯವನೆಂದು ಕರೆದು, ಅವನ ಸರದಿಯಾದ ಮೇಲೆ ತನ್ನದೇ ಎನ್ನುತ್ತಾನೆ ಡನ್‌ಬಾರ್. ಅಷ್ಟು ಕಷ್ಟಪಟ್ಟು ಪ್ರಾಸ ಹೊಂದಿಸಿ ಬೈಯಬೇಕಾದರೆ ಎದುರಿನವನೂ ಸರಿಸಾಟಿಯಾದ ಕವಿಯಾಗಿರಬೇಕು. ಫ್ಲೈಟಿಂಗ್ ಎಂಬುದು ಕವಿ ಕವಿಗೆ ಸಲ್ಲಿಸಿದ ಗೌರವವೇ.