ಗಾಣದ ಬುಷ್‌ಗೆ ಹೊಂದದ ಲೆಕ್ಕ

ಮೆಷಿನ್ ಡಿಸೈನ್ ಓದಿದವರಿಗೆ ರೈಮಂಡಿ–ಬಾಯ್ಡ್ ಚಾರ್ಟುಗಳ ಪರಿಚಯ ಇದ್ದೇ ಇರುತ್ತದೆ. ಬೇರಿಂಗಿನ ಎಣ್ಣೆ ಪದರದ ಬಗ್ಗೆ ರೆನಾಲ್ಡ್ಸ್ 1886ರಲ್ಲಿ ಬರೆದ ಸಮೀಕರಣವನ್ನು ಬಿಡಿಸುವ ತಲೆನೋವನ್ನು 1958ರ ಈ ಚಾರ್ಟುಗಳು ತಪ್ಪಿಸಿದವು. 50 ಮಿ.ಮೀ. ಶಾಫ್ಟು, ಅಷ್ಟೇ ಉದ್ದದ ಬೇರಿಂಗು, 0.025 ಮಿ.ಮೀ. ಸಂದು, ನಿಮಿಷಕ್ಕೆ 1500 ಸುತ್ತು ಎಂದಿಟ್ಟುಕೊಳ್ಳಿ. ಸಾಧಾರಣ ಹೊರೆಯಲ್ಲಿ ನಿಮಿಷಕ್ಕೆ ಸುಮಾರು 200 ಮಿ.ಲೀ. ಎಣ್ಣೆ ಹರಿಯುತ್ತದೆ, ಅದರಲ್ಲಿ ನೂರಕ್ಕೆ 68 ಪಾಲು ಎರಡೂ ಅಂಚಿನಿಂದ ಸೋರಿಹೋಗುತ್ತದೆ. ಸೋರುವುದು ನಷ್ಟವಲ್ಲ, ಬಿಸಿಯನ್ನು ಹೊತ್ತೊಯ್ಯುವುದು ಅದೇ. ಶಿವನಸಮುದ್ರದಲ್ಲಿ 1902ರಿಂದ ವಿದ್ಯುತ್ ಹುಟ್ಟಿಸುತ್ತಿರುವಂಥ, ಹಗಲಿರುಳು ತಿರುಗುವ ಯಂತ್ರಗಳಿಗೆ ಈ ಬಗೆಯ ಲೆಕ್ಕ ಬೇಕೇ ಬೇಕು.

ಅದೇ ಚಾರ್ಟನ್ನು ಕೊಳ್ಳೇಗಾಲ, ಯಳಂದೂರು ಕಡೆಯ ಆಲೆಮನೆಗೆ ತನ್ನಿ. ಗಾಣದ ಶಾಫ್ಟು 80 ಮಿ.ಮೀ., ಬುಷ್ ಅಷ್ಟೇ ಉದ್ದ, ಸಂದು 0.1 ಮಿ.ಮೀ., ನಿಮಿಷಕ್ಕೆ ಹತ್ತು ಸುತ್ತು, ಬುಷ್ ಮೇಲೆ ಮೂರು ಟನ್ ಒತ್ತಡ ಎನ್ನೋಣ. ಸೂತ್ರದ ಪ್ರಕಾರ ಒಂದೊಂದು ಬುಷ್‌ಗೂ ಗಂಟೆಗೆ ಒಂದು ಲೀಟರ್ ಹತ್ತಿರ ಎಣ್ಣೆ ಹೊಯ್ಯಬೇಕು! ಮೂರು ಉರುಳೆಗೆ ಆರು ಬುಷ್. ಬೆಲ್ಲ ಮಾರಿದ ದುಡ್ಡೆಲ್ಲ ಎಣ್ಣೆಗೇ ಆಯಿತು. ನಿಜ ಏನೆಂದರೆ, ಇಲ್ಲಿ ಎಣ್ಣೆಯ ಸ್ನಿಗ್ಧತೆ, ವೇಗ, ಹೊರೆ, ಸಂದುಗಳನ್ನು ಒಟ್ಟಿಗೆ ಅಳೆಯುವ ಸೊಮರ್‌ಫೆಲ್ಡ್ ಸಂಖ್ಯೆ ದಪ್ಪ ಎಣ್ಣೆಗೂ 0.001ರ ಆಸುಪಾಸಿಗೆ ಇಳಿಯುತ್ತದೆ, ಚಾರ್ಟಿನ ಕೊನೆಯ ಸಾಲು 0.0047ಕ್ಕೇ ನಿಂತಿದೆ. ಎಣ್ಣೆಯ ಪದರ ಶಾಫ್ಟನ್ನು ಎತ್ತಿ ಹಿಡಿಯುವುದೇ ಇಲ್ಲ. ಲೋಹ ಲೋಹವನ್ನು ಉಜ್ಜುತ್ತಲೇ ತಿರುಗುತ್ತದೆ. ಹರಿವಿನ ಲೆಕ್ಕಕ್ಕೆ ಇಲ್ಲಿ ಅರ್ಥವೇ ಇಲ್ಲ.

ಅರ್ಥ ಇರುವುದು ಎಣ್ಣೆ ಎಲ್ಲಿಂದ ಒಳಹೋಗುತ್ತದೆ ಎಂಬ ಪ್ರಶ್ನೆಗೆ. ಅಡ್ಡ ಉರುಳೆಯ ಗಾಣದಲ್ಲಿ ಕಬ್ಬು ಮೇಲಿನ ಉರುಳೆಯನ್ನು ಮೇಲಕ್ಕೆ ಒತ್ತುತ್ತದೆ. ಬುಷ್‌ನ ನೆತ್ತಿಯಲ್ಲೇ ತೂತು ಕೊರೆದರೆ ಎಣ್ಣೆ ಬೀಳುವುದು ಶಾಫ್ಟು ಬಿಗಿಯಾಗಿ ಅಂಟಿಕೊಂಡಿರುವ ಜಾಗಕ್ಕೇ. ಇಂಜಿನಿಯರ್ ಬೋಶಾಂ ಟವರ್ 1883ರಲ್ಲಿ ರೈಲಿನ ಅಚ್ಚಿನ ಬೇರಿಂಗಿನ ಹೊರೆ ಬೀಳುವ ಕಡೆ ಹೀಗೇ ತೂತು ಕೊರೆದ. ಅಲ್ಲಿ ವೇಗವಿತ್ತು, ಪದರವೂ ಕೂತಿತ್ತು. ಬಡಿದ ಮರದ ಬೆಣೆಯನ್ನೇ ಎಣ್ಣೆ ಹೊರಕ್ಕೆ ತಳ್ಳಿತು. ನಿಧಾನದ ಗಾಣದಲ್ಲಿ ಅಷ್ಟು ನಾಟಕ ನಡೆಯದು, ಎಣ್ಣೆ ಸುಮ್ಮನೆ ಒಳಗಿಳಿಯುವುದಿಲ್ಲ. ತೂತು, ಕಾಲುವೆ ಎರಡೂ ಹೊರೆಯಿಲ್ಲದ ಮಗ್ಗುಲಿಗೆ ಸರಿಯಬೇಕು. ಕಬ್ಬಿನ ಹಾಲು ನುಗ್ಗದಂತೆ ಅಂಚಿಗೆ ಗ್ರೀಸ್ ಕಟ್ಟಬೇಕು.

ಚಾರ್ಟಿನಲ್ಲಿ ದೋಷವಿಲ್ಲ, ಅದರ ಎಲ್ಲೆಯನ್ನು ಹೇಳದೆ ಕಲಿಸುವ ಪಾಠ ಅರೆಬರೆ. ಮೇಷ್ಟ್ರುಗಳೇ, ಪರೀಕ್ಷೆಗೆ ಒಂದು ಸಲ ಗಾಣದ ಬುಷ್ ಲೆಕ್ಕ ಕೊಡಿ. ‘ಈ ಚಾರ್ಟು ಇಲ್ಲಿಗೆ ಹೊಂದದು’ ಎಂದು ಕಾರಣ ಸಮೇತ ಬರೆದವರಿಗೆ ಪೂರ್ತಿ ಅಂಕ ಹಾಕಿ.