ಮಹಿಷನ ಮಾತು: ಒಂದು ಕಪ್ಪುಬಿಳುಪು ಚಿತ್ರದ ರಸವಿಚಾರ

ಭಯವನ್ನು ಹುಟ್ಟಿಸುವ ವಸ್ತುವನ್ನು ಮನುಷ್ಯನು ಹಣ ತೆತ್ತು ನೋಡುವುದೇಕೆಂಬ ಪ್ರಶ್ನೆ ನಮ್ಮ ಆಲಂಕಾರಿಕರಿಗೆ ಹೊಸದೇನೂ ಅಲ್ಲ. ಲೋಕದಲ್ಲಿ ದೂರ ಸರಿಯಬೇಕಾದುದು ಕಾವ್ಯದಲ್ಲಿ ಆಸ್ವಾದ್ಯವಾಗುವ ಬಗೆಯನ್ನು ಅವರು ರಸಪ್ರಕರಣದಲ್ಲಿ ವಿಸ್ತಾರವಾಗಿ ಚರ್ಚಿಸಿದ್ದಾರೆ. ಆದರೆ ಚಲಚ್ಚಿತ್ರದ ರಾಕ್ಷಸನನ್ನು ಆ ಒರೆಗಲ್ಲಿಗೆ ಹಚ್ಚಿ ನೋಡುವ ವಾಡಿಕೆ ನಮ್ಮ ವಿಮರ್ಶೆಗೆ ಇನ್ನೂ ಬಂದಂತಿಲ್ಲ. ೧೯೫೯ರಲ್ಲಿ ತೆರೆಕಂಡ, ಬಿ. ಎಸ್. ರಂಗಾ ಅವರ ‘ಮಹಿಷಾಸುರ ಮರ್ದಿನಿ’ ಅಂಥ ಪರೀಕ್ಷೆಗೆ ಯೋಗ್ಯವಾದ ಕೃತಿ. ಅದರ ಹೆಸರು ದೇವಿಯದು. ಆಕರ್ಷಣೆ ಮಾತ್ರ ರಾಜಕುಮಾರ್ ಅವರು ಧರಿಸಿದ ಮಹಿಷನದು.

ಪಾಶ್ಚಾತ್ಯರ ವಿಕೃತಜೀವಿಗಳನ್ನು ಇದರ ಪಕ್ಕದಲ್ಲಿಟ್ಟರೆ ಒಂದು ಭೇದ ಥಟ್ಟನೆ ಕಾಣುತ್ತದೆ. ೧೯೩೧ರ ‘ಫ್ರಾಂಕೆನ್‌ಸ್ಟೈನ್’ ಚಿತ್ರದಲ್ಲಿ ಬೋರಿಸ್ ಕಾರ್ಲೋಫ್‌ನ ಜೀವಿ ನರಳುತ್ತದೆ, ಗುರುಗುಟ್ಟುತ್ತದೆ, ಮಾತನಾಡುವುದಿಲ್ಲ. ೧೯೩೩ರ ‘ಕಿಂಗ್ ಕಾಂಗ್’ ಸುಮಾರು ೧೮ ಅಂಗುಲದ ಗೊಂಬೆಯಾಗಿದ್ದೂ ಗಗನಚುಂಬಿ ಕಟ್ಟಡವನ್ನೇರಿ ನಮ್ಮ ಕರುಣೆಯನ್ನು ಗೆದ್ದಿತು, ಅದಕ್ಕೂ ಮಾತಿಲ್ಲ. ೧೯೫೪ರ ಜಪಾನಿನ ‘ಗಾಡ್ಜಿಲ್ಲಾ’ದ ಗರ್ಜನೆಯಾದರೋ, ದೊಡ್ಡ ತಂತಿವಾದ್ಯವೊಂದರ ತಂತಿಯ ಮೇಲೆ ತೊಗಲಿನ ಕೈಗವಸನ್ನು ಉಜ್ಜಿ ಹೊರಡಿಸಿದ ನಾದ. ಮಾತಿನ ಎಲ್ಲೆಯಿಂದ ಹೊರಗೆ ಅಟ್ಟಲ್ಪಟ್ಟಿರುವುದೇ ಇವುಗಳ ಭೀಕರತೆಗೂ ದೈನ್ಯಕ್ಕೂ ಮೂಲ. ನಮ್ಮ ಅಸುರನ ಸ್ಥಿತಿ ಇದಕ್ಕೆ ತೀರ ವಿರುದ್ಧವಾದುದು. ಅವನು ಮಾತಿನ ಮಲ್ಲ. ತಾಳಮದ್ದಳೆಯ ಅರ್ಥಧಾರಿಯೂ ಕಂಪನಿ ನಾಟಕದ ನಟನೂ ಅವನಿಗೆ ವಾದಿಸುವುದನ್ನು ಕಲಿಸಿದರು. ದೇವತೆಗಳ ಪಕ್ಷಪಾತವನ್ನು ಎತ್ತಿ ಆಡುವ ಅಧಿಕಾರವನ್ನೂ ಕೊಟ್ಟರು. ರನ್ನನ ದುರ್ಯೋಧನನನ್ನು ಬಿ. ಎಂ. ಶ್ರೀಕಂಠಯ್ಯನವರು ‘ಗದಾಯುದ್ಧ ನಾಟಕ’ದಲ್ಲಿ ದುರಂತನಾಯಕನನ್ನಾಗಿ ಕಂಡುದು ಬರಿಯ ಗ್ರೀಕ್ ಪ್ರಭಾವದಿಂದಲ್ಲ, ಪ್ರತಿನಾಯಕನ ಮಾತಿಗೆ ಕಿವಿಗೊಡುವ ಅಭ್ಯಾಸ ಕನ್ನಡಕ್ಕೆ ಮೊದಲೇ ಇತ್ತು.

ರಾಜಕುಮಾರ್ ಬಂದುದು ಆ ಅಭ್ಯಾಸದ ಗರಡಿಯಿಂದಲೇ. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ರೌದ್ರ ಪಾತ್ರಗಳಿಗೆ ಹೆಸರಾದವರು. ಮಗನು ಗುಬ್ಬಿ ಕಂಪನಿಯ ರಂಗದ ಮೇಲೆ ಬೆಳೆದವರು. ೧೯೫೪ರ ‘ಬೇಡರ ಕಣ್ಣಪ್ಪ’ದಲ್ಲಿ ಭಕ್ತನಾಗಿ ಮನೆಮಾತಾದ ನಟ ಐದೇ ವರ್ಷಗಳಲ್ಲಿ ಅಸುರನಾಗಲು ಹಿಂಜರಿಯಲಿಲ್ಲ ಎಂಬುದು ಗಮನಾರ್ಹ. ಅದಕ್ಕಿಂತ ಗಮನಾರ್ಹವಾದುದು, ಜಿ. ಕೆ. ವೆಂಕಟೇಶ್ ಅವರ ಸಂಗೀತದಲ್ಲಿ ಎಸ್. ಜಾನಕಿಯವರೊಡನೆ ಅವರೇ ಹಾಡಿದ ಯುಗಳಗೀತೆ. ಕಾಂಗ್‌ಗೆ ಸುಂದರಿಯನ್ನು ಅಂಗೈಯಲ್ಲಿ ಹಿಡಿಯಲು ಬಂದೀತೇ ಹೊರತು ಅವಳೊಡನೆ ಹಾಡಲು ಬರುವುದಿಲ್ಲ. ಶೃಂಗಾರವನ್ನು ಇಷ್ಟು ಮೃದುವಾಗಿ ನುಡಿಯಬಲ್ಲ ಕಂಠವೇ ಅಟ್ಟಹಾಸವನ್ನೂ ಮಾಡುವಾಗ ಪ್ರೇಕ್ಷಕನು ಹೆದರುವುದು ಪ್ರಾಣಿಗಲ್ಲ, ತನ್ನಂಥವನೇ ಆದ ಒಬ್ಬ ಮನುಷ್ಯನಿಗೆ.

ಕಪ್ಪುಬಿಳುಪಿನ ಉಪಕಾರವನ್ನೂ ಇಲ್ಲಿ ಹೇಳಬೇಕು. ತೆಂಕುತಿಟ್ಟಿನ ‘ದೇವಿ ಮಹಾತ್ಮ್ಯೆ’ಯಲ್ಲಿ ಮಹಿಷನು ಪ್ರೇಕ್ಷಕರ ಬೆನ್ನ ಹಿಂದಿನಿಂದ, ದೊಂದಿಗಳ ಬೆಳಕಿನಲ್ಲಿ ಕೊಂಬು ಬೀಸುತ್ತ ರಂಗಕ್ಕೆ ಬರುತ್ತಾನೆ, ಮಕ್ಕಳು ಚದುರುತ್ತಾರೆ. ಎದುರಿಗಷ್ಟೇ ಇರುವ ತೆರೆಗೆ ಆ ಸೌಕರ್ಯವಿಲ್ಲ. ಅದು ಮುಖವನ್ನೂ ನೆರಳನ್ನೂ ನಂಬಬೇಕು. ಸ್ವತಃ ಛಾಯಾಗ್ರಾಹಕರಾಗಿದ್ದ ರಂಗಾ ಅವರಿಗೆ ನೆರಳಿನ ಬೆಲೆ ಗೊತ್ತಿತ್ತು. ಬಣ್ಣ ಕಾಣದಿದ್ದಾಗ ಕಿರೀಟದ ಕಾಗದವೂ ಗಡ್ಡದ ಅಂಟೂ ಕಣ್ಣಿಗೆ ಚುಚ್ಚುವುದಿಲ್ಲ. ಅವರೇ ೧೯೬೪ರಲ್ಲಿ ‘ಅಮರಶಿಲ್ಪಿ ಜಕಣಾಚಾರಿ’ಯ ಮೂಲಕ ಕನ್ನಡಕ್ಕೆ ಮೊದಲ ಪೂರ್ಣ ವರ್ಣಚಿತ್ರವನ್ನಿತ್ತರು. ೧೯೮೩ರ ‘ಭಕ್ತ ಪ್ರಹ್ಲಾದ’ದಲ್ಲಿ ರಾಜಕುಮಾರ್ ಬಣ್ಣದಲ್ಲಿ ಹಿರಣ್ಯಕಶಿಪುವಾದರು, ಅಭಿನಯ ಇನ್ನೂ ಪಕ್ವ, ಆದರೆ ಸುತ್ತಣ ಸಭಾಂಗಣ ಅಂಗಡಿಯ ಮುಂಭಾಗದಂತೆ ಥಳಥಳಿಸುತ್ತದೆ.

ದೋಷಗಳಿಲ್ಲವೆಂದಲ್ಲ. ಪುರಾಣಚಿತ್ರದ ಎಂದಿನ ಜಡತೆ ಇಲ್ಲಿಯೂ ಇದೆ. ಮರ್ದನವಂತೂ ಮೊದಲೇ ತಿಳಿದ ಸಂಗತಿ. ಬಾದಾಮಿಯ ಗುಹೆಯ ಕಲ್ಲಿನಲ್ಲಿ ಅದಕ್ಕಿರುವ ತೀಕ್ಷ್ಣತೆಯನ್ನು ತಂತ್ರದ ಚಮತ್ಕಾರದಿಂದ ತರುವುದು ಕಷ್ಟ.

ಚಿತ್ರ ಇತರ ಭಾಷೆಗಳಿಗೂ ಡಬ್ ಆಯಿತೆಂಬುದನ್ನು ಕನ್ನಡಿಗರು ಹೆಮ್ಮೆಯಿಂದ ನೆನೆಯುತ್ತಾರೆ. ಹೆಮ್ಮೆ ಸರಿಯೇ. ಆದರೆ ಅಲ್ಲಿ ಹೊರನಾಡಿಗೆ ಹೋದುದು ಮಹಿಷನ ಮುಖ. ಕಂಠ ಊರಿನಲ್ಲೇ ಉಳಿಯಿತು. ದೆಹಲಿಯ ಕನ್ನಡಿಗರಿಗೆ ಇದು ದೂರದ ಮಾತಲ್ಲ. ದೇಶವಿಭಜನೆಯ ನಿರಾಶ್ರಿತರು ನೆಲೆನಿಂತ ಓಲ್ಡ್ ರಾಜಿಂದರ್ ನಗರದ ಗಲ್ಲಿಗಳಲ್ಲಿ ಇಂದು ಆಡಳಿತ ಸೇವೆಯ ಪರೀಕ್ಷೆಗೆ ಓದುವ ತರುಣರು ಕಿಕ್ಕಿರಿದಿದ್ದಾರೆ. ಅವರ ನಡುವೆ ಕನ್ನಡ ಸಾಹಿತ್ಯವನ್ನೇ ಐಚ್ಛಿಕ ವಿಷಯವಾಗಿ ಆರಿಸಿ ಪಂಪನೊಡನೆ ಸೆಣಸುವವರೂ ಇದ್ದಾರೆ. ಅಂಥವನೊಬ್ಬನು ಬಾಡಿಗೆಯ ಕಿರುಕೋಣೆಯಲ್ಲಿ ಅಂಗೈಯಗಲದ ತೆರೆಯ ಮೇಲೆ ಈ ಚಿತ್ರವನ್ನು ನೋಡಿದರೆ ಮಹಿಷನ ವಾಕ್ಯ ಎಲ್ಲಿ ಏರಿತು, ಎಲ್ಲಿ ಕೊಂಕಿತು ಎಂಬುದು ಅವನ ಕಿವಿಗೆ ಹತ್ತುತ್ತದೆ. ಅದೇ ನಗರದ ಕನ್ನಡ ಮನೆಯಲ್ಲಿ ಹುಟ್ಟಿ, ಅಡಿಗೆಮನೆಯ ಕನ್ನಡವಷ್ಟೇ ಬಲ್ಲ ಮಗುವಿಗೆ ಕೇಳುವುದು ಗರ್ಜನೆ. ಅದು ಹೆದರಬಹುದು, ನಗಲೂಬಹುದು. ಅಸುರನ ವಾದ ಅದನ್ನು ಮುಟ್ಟುವುದಿಲ್ಲ. ಅಡಿಬರಹ ಅರ್ಥವನ್ನು ತಿಳಿಸೀತು, ಕಾಕುವನ್ನಲ್ಲ. ಸಂಘಗಳು ಈ ಚಿತ್ರವನ್ನು ಮಕ್ಕಳಿಗೆ ತೋರಿಸುವುದಾದರೆ ದೀಪವಾರಿಸುವ ಮೊದಲು ಬಲ್ಲವರೊಬ್ಬರು ಮಹಿಷನ ನಾಲ್ಕು ಮಾತುಗಳನ್ನು ಗಟ್ಟಿಯಾಗಿ ಆಡಿ ತೋರಿಸಬೇಕು. ಅದಕ್ಕೆ ಅರ್ಧ ಗಂಟೆ ಹಿಡಿದರೂ ಚಿಂತೆಯಿಲ್ಲ.